ಕಣ್ಣು ಹೊರಳುವ ಸದ್ದು

ನಿಮ್ಮ ಕಣ್ಣು ಹೊರಳುವ ಸದ್ದು ನಿಮಗೇ ಕೇಳಿಸುತ್ತಿದ್ದರೆ ಹೆದರಬೇಡಿ, ನಿಮಗೆ ಹುಚ್ಚು ಹಿಡಿದಿಲ್ಲ. ಇಷ್ಟು ಮಾತನ್ನು ಯಾರಾದರೂ ನನಗೆ ೨೦೦೩ರಲ್ಲೇ ಹೇಳಿದ್ದರೆ ಎಷ್ಟೋ ನರಳಾಟ ತಪ್ಪುತ್ತಿತ್ತು. ಕೊನೆಗೆ ಹೇಳಿದವಳು ಒಡಿಲ್ ಎಂಬ ಫ್ರೆಂಚ್ ಹೆಂಗಸು. ಹಿಮದ ಮೇಲೆ ಸ್ಕೀ ಮಾಡುತ್ತ ಹೋಗಿ, ನಡುನಡುವೆ ನಿಂತು ಬಂದೂಕಿನಿಂದ ಗುರಿ ಹೊಡೆಯುವ ಆಟವೊಂದಿದೆ, ಬಯಾಥ್ಲಾನ್ ಅಂತ. ಆ ಆಟದಲ್ಲಿ ಒಂದು ಕಾಲಕ್ಕೆ ಅವಳು ಜಗತ್ತಿಗೇ ಮೊದಲಿಗಳಾಗಿದ್ದಳು. ಅವಳ ಕತೆಯನ್ನು ಬಿಟ್ಟು ನನ್ನ ಕಾಯಿಲೆಯ ಕತೆ ಹೇಳಲು ನನಗೆ ಬರುವುದಿಲ್ಲ.

ಶುರುವಾದದ್ದು ಅಮೆರಿಕದಲ್ಲಿ, ನಾವಿದ್ದ ಸ್ಯಾನ್ ಡಿಯಾಗೋದ ಪೂರ್ವದ ಗುಡ್ಡಗಳಿಗೆ ಬೆಂಕಿ ಬಿದ್ದ ವಾರ. ಆಕಾಶ ಮಧ್ಯಾಹ್ನವೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಕಾರುಗಳ ಮೇಲೆ ಬೂದಿ ಬೀಳುತ್ತಿತ್ತು. ಆಫೀಸು, ಸ್ಕೂಲು ಎಲ್ಲ ಬಂದ್, ಕಿಟಕಿ ಮುಚ್ಚಿಕೊಂಡು ಮನೆಯಲ್ಲೇ ಇರಿ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ನನ್ನ ಗಂಡ ಅರವಿಂದನ ಕೆಲಸ ಎರಡು ಗಂಟೆ ದಾರಿಯ ಎಲ್ ಸೆಗುಂಡೋದಲ್ಲಿ. ವಾರವಿಡೀ ಅಲ್ಲೇ ರೂಮು ಮಾಡಿಕೊಂಡಿದ್ದು ಶುಕ್ರವಾರ ಮನೆಗೆ ಬರುತ್ತಿದ್ದ. ಹಾಗಾಗಿ ಮನೆಯಲ್ಲಿದ್ದದ್ದು ನಾನು ಮತ್ತು ನಾಲ್ಕು ವರ್ಷದ ಮಗಳು ನೇಹಾ. ಅವಳು ಊಟ ಮಾಡಿ ಮಲಗಿದ್ದಳು. ಹೊರಗೆ ಒಂದು ಹಕ್ಕಿಯ ಸದ್ದೂ ಇರಲಿಲ್ಲ.

ಆಗ ಯಾರೋ ಗೋಡೆಗೆ ಉಪ್ಪುಕಾಗದ ತಿಕ್ಕಿದಂತೆ ಸದ್ದಾಯಿತು. ಸ್ವಲ್ಪ ನಿಂತು ಮತ್ತೆ ಆಯಿತು. ನಾನು ಎದ್ದು ಹುಡುಕಿದೆ. ಹಾಲ್, ಅಡುಗೆಮನೆ, ಗರಾಜು, ಎಲ್ಲೂ ಯಾರೂ ಇಲ್ಲ. ವಿಚಿತ್ರವೆಂದರೆ ನಾನು ಒಂದು ಕಡೆ ದಿಟ್ಟಿಸಿ ನೋಡಿದರೆ ಸದ್ದು ನಿಲ್ಲುತ್ತಿತ್ತು. ಸುತ್ತ ಕಣ್ಣಾಡಿಸಿದರೆ ಮತ್ತೆ ಶುರು. ನನ್ನ ಹಿಂದೆಯೇ ಭಾರವಾದ ಹೆಜ್ಜೆಗಳು, ನಾನು ನಿಂತರೆ ಅವೂ ನಿಲ್ಲುತ್ತಿದ್ದವು. ನಾನು ಧಾರವಾಡದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು, ದೆವ್ವ ಭೂತ ಎಂದರೆ ನಗುವವಳು. ಆದರೂ ಕೈಗೆ ಲಟ್ಟಣಿಗೆ ತೆಗೆದುಕೊಂಡೇ ಮಗಳ ಕೋಣೆಗೆ ಹೋದೆ. ಅವಳು ಎಚ್ಚರವಾಗಿ ಹಾಸಿಗೆಯ ಮೇಲೆ ಕುಳಿತಿದ್ದಳು.

"ನೇಹಾ, ಮನ್ಯಾಗ ಯಾರರೆ ಓಡಾಡಿದ್ರೇನ? ಯಾರರೆ ಹೆಂಗಸು?" ಎಂದು ಕೇಳಿದೆ. ಹೆಂಗಸು ಎಂದು ಯಾಕೆ ಕೇಳಿದೆನೋ ಇವತ್ತಿಗೂ ಗೊತ್ತಿಲ್ಲ.

ಅವಳು ನನ್ನ ಕೈಯ ಲಟ್ಟಣಿಗೆಯನ್ನೇ ನೋಡುತ್ತ "ಹೂ ಈಸ್ ಇಟ್, ಅಮ್ಮಾ? ವಿಚ್ ಆಂಟಿ?" ಅಂದಳು.

ಸಂಜೆ ಬಚ್ಚಲಿನ ಕನ್ನಡಿಯ ಮುಂದೆ ಗುಟ್ಟು ಬಯಲಾಯಿತು. ಕಣ್ಣನ್ನು ಎಡಕ್ಕೆ ಹೊರಳಿಸಿದೆ, ಉಪ್ಪುಕಾಗದ ಎಡಕ್ಕೆ ಹೋಯಿತು. ಬಲಕ್ಕೆ ಹೊರಳಿಸಿದೆ, ಬಲಕ್ಕೆ ಬಂತು. ಹೆಜ್ಜೆಗಳು ನನ್ನ ಹಿಮ್ಮಡಿಯವೇ. ನನ್ನ ಬಲಗಿವಿಗೆ ನನ್ನ ದೇಹವೇ ಕೇಳಿಸತೊಡಗಿತ್ತು. ಹೊರಗೆ ಕಳ್ಳನಿದ್ದಿದ್ದರೆ ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಇದಕ್ಕೆ ಯಾರನ್ನು ಕರೆಯುವುದು?

ನಾನು ಕೆಲಸ ಮಾಡುತ್ತಿದ್ದದ್ದು ನಮ್ಮೂರಿನ ಕರ್ನಿ ಮೆಸಾ ಬಡಾವಣೆಯ ಒಂದು ಫೋನ್ ಕಂಪನಿಯಲ್ಲಿ. ಫೋನಿನ ಸ್ಪೀಕರುಗಳಲ್ಲಿ ಬೇಡದ ಸದ್ದು ಹುಡುಕುವುದೇ ನನ್ನ ಕೆಲಸ. ಅದಕ್ಕೆಂದು ನಮ್ಮಲ್ಲಿ ಒಂದು ಕೋಣೆಯಿತ್ತು. ನೆಲ, ಗೋಡೆ, ಸೂರು ಎಲ್ಲಕ್ಕೂ ದಪ್ಪ ಸ್ಪಂಜು ಹೊದಿಸಿ ಹೊರಗಿನ ಒಂದು ಪಿಸುಮಾತೂ ಬರದಂತೆ ಮಾಡಿದ್ದರು. ಮೊದಲು ನನಗೆ ಅಲ್ಲಿ ನೆಮ್ಮದಿಯಾಗುತ್ತಿತ್ತು. ಬೆಂಕಿಯ ವಾರ ಕಳೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ ನೋಡಿ, ಒಬ್ಬ ಹೆಂಗಸಿನೊಳಗೆ ಇಷ್ಟು ಗದ್ದಲ ಇರುತ್ತದೆಯೇ ಅನ್ನಿಸಿತು. ಎದೆಬಡಿತ ಕಿವಿಯಲ್ಲಿ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಕತ್ತು ತಿರುಗಿಸಿದರೆ ಹಳೆಯ ಬಾಗಿಲು ಕಿರುಗುಟ್ಟುತ್ತಿತ್ತು. ಉಗುಳು ನುಂಗಿದ್ದು ಹೊಟ್ಟೆಯವರೆಗೆ ಇಳಿಯುವುದು ಕೇಳಿಸಿತು. ಹೊರಗೆ ಬಂದಾಗ ನನ್ನ ಬ್ಲೌಸು ಬೆವರಿನಿಂದ ಒದ್ದೆಯಾಗಿತ್ತು. ಅವತ್ತಿನಿಂದ ಏನಾದರೊಂದು ನೆಪ ಹೇಳಿ ಆ ಕೋಣೆಗೆ ಬೇರೆಯವರನ್ನು ಕಳಿಸುತ್ತಿದ್ದೆ.

ಡಾಕ್ಟರುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಬ್ಬರು ಕಿವಿ ತೊಳೆದರು. ಒಬ್ಬರು ಗಂಡ ದೂರ ಇರುವುದರಿಂದ ಮನಸ್ಸಿಗೆ ಭಾರ ಅಂದರು. ಇನ್ನೊಬ್ಬರು ನಾನು 'ಕಣ್ಣಿನ ಸದ್ದು' ಎಂದ ಕೂಡಲೇ ಬರೆಯುವುದನ್ನು ನಿಲ್ಲಿಸಿ ಬಹಳ ಮೃದುವಾಗಿ ಮಾತಾಡತೊಡಗಿದರು. ಆ ಮೃದು ದನಿಗೆ ನನಗೆ ಅಳು ಬಂತು. ಅರವಿಂದನದು ಬೇರೆಯೇ ರೀತಿ.

"ನೀ ಭಾಳ ವಿಚಾರ ಮಾಡ್ತಿ, ಅಷ್ಟ. ತಲಿಗೆ ಹಚ್ಕೋಬ್ಯಾಡ" ಎಂದು ಸಮುದ್ರದ ಅಲೆಯ ಸದ್ದು ಮಾಡುವ ಒಂದು ಮೆಷೀನು ತಂದುಕೊಟ್ಟ. ಕಾರು ಹತ್ತಿದರೆ ನಿಜವಾದ ಸಮುದ್ರ ಸಿಗುವ ಊರಲ್ಲಿ ಮೆಷೀನಿನ ಸಮುದ್ರ ಕೇಳಿಸಿಕೊಂಡು ಮಲಗಿದೆ. ಅವನ ಪ್ರೀತಿಗೆ ಕೊರತೆಯಿರಲಿಲ್ಲ, ಪಾಪ.

ಸದ್ದಿನ ಜೊತೆಗಾದರೂ ಹೇಗೋ ಬದುಕಬಹುದಿತ್ತು. ಆಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಒಂದು ದಿನ ಕುಕ್ಕರ್ ಸೀಟಿ ಹೊಡೆದಾಗ ಎದುರಿನ ಗೋಡೆ ಓರೆಯಾಗಿ ಮೇಲಕ್ಕೆ ಹಾರಿತು. ಸೀಟಿ ನಿಂತಿತು, ಗೋಡೆ ಸ್ವಸ್ಥಾನಕ್ಕೆ ಬಂತು. ಮತ್ತೆ ಸೀಟಿ, ಮತ್ತೆ ಗೋಡೆ. ಕೆಲವು ದನಿಗಳಿಗೆ ಮಾತ್ರ ಹೀಗಾಗುತ್ತಿತ್ತು, ಎತ್ತರದ, ಚೂಪಾದ ದನಿಗಳಿಗೆ. ನೇಹಾಳದು ಅಂಥ ದನಿ. ಒಂದು ಸಂಜೆ ಅವಳು ಹಲ್ಲು ಬಿತ್ತೆಂಬ ಖುಷಿಗೆ ಬಚ್ಚಲಿನಿಂದ "ಅಮ್ಮಾ!" ಎಂದು ಕಿರುಚುತ್ತ ಓಡಿಬಂದಳು. ಅಡುಗೆಮನೆಯೇ ಪಲ್ಟಿ ಹೊಡೆಯಿತು. ನಾನು ಕಟ್ಟೆಯ ಅಂಚಿಗೆ ಬಡಿದು ಕೆಳಗೆ ಬಿದ್ದೆ. ಹುಬ್ಬಿನ ಮೇಲಿಂದ ರಕ್ತ ಬಂತು. ಮಗಳು ಬಿದ್ದ ಹಲ್ಲನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡುತ್ತ ನಿಂತಿದ್ದಳು.

ಅವತ್ತಿನಿಂದ ನೇಹಾ ಪಿಸುಗುಡತೊಡಗಿದಳು. ನಾವು ಹೇಳಿಕೊಟ್ಟದ್ದಲ್ಲ. ಹಾಲು ಬೇಕೆಂದು ಪಿಸುಗುಡುವಳು, ಟೀವಿಯ ಮುಂದೆ ಬಾಯಿಗೆ ಕೈ ಮುಚ್ಚಿಕೊಂಡು ನಗುವಳು. ಆರು ವರ್ಷದ ಮಗು ಸದ್ದಿಲ್ಲದೆ ನಗುವುದನ್ನು ನೀವು ನೋಡಿದ್ದೀರಾ? ಅದಕ್ಕಿಂತ ಭಯವಾಗುವ ಇನ್ನೊಂದು ನೋಟ ನನಗೆ ಗೊತ್ತಿಲ್ಲ. ನನಗೆ ವಾಸಿಯಾಗಬೇಕು ಅಂತ ಅನ್ನಿಸಿದ್ದು ನನಗೋಸ್ಕರ ಅಲ್ಲವೇ ಅಲ್ಲ. ಮಗಳ ದನಿ ನನಗೆ ವಾಪಸು ಬೇಕಿತ್ತು.

೨೦೦೫ರ ದಸರಾಕ್ಕೆ ಸರೋಜಾ ಆಂಟಿಯ ಮನೆಯಲ್ಲಿ ದೇವಿಯ ಪೂಜೆ. ಆಂಟಿ ವಿಜಾಪುರದವರು, ಸ್ಯಾನ್ ಡಿಯಾಗೋದ ನಮ್ಮ ಕಡೆಯವರಿಗೆಲ್ಲ ಹಿರಿಯಕ್ಕನಂತಿದ್ದವರು. ಕರ್ಪೂರದ ಹೊಗೆಗೆ ಸೂರಿನಲ್ಲಿದ್ದ ಬೆಂಕಿಯ ಅಲಾರಂ ಕೂಗದಿರಲೆಂದು ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದರು. ನಾನು ಹೋಗಲೇಬಾರದಿತ್ತು, ಆದರೆ ಹೋಗದಿದ್ದರೆ ಮುನಿಸು. ಕಿವಿಗೆ ಹತ್ತಿ ಇಟ್ಟುಕೊಂಡು ಹಿಂದೆ ನಿಂತೆ. ಮಂಗಳಾರತಿ ಶುರುವಾದ ಕೂಡಲೇ ಒಬ್ಬರು ಜಾಗಟೆ, ಒಬ್ಬರು ಗಂಟೆ. ದೇವಿಯ ಮುಖ ಓರೆಯಾಗಿ ಮೇಲಕ್ಕೆ ಹೋಯಿತು, ಮತ್ತೆ ಹೋಯಿತು. ನಾನು ತೂರಾಡಿ ಮಂಡಿಯೂರಿ ಬಿದ್ದೆ. ನನ್ನ ಕಣ್ಣು ಗಂಟೆಯ ಜೊತೆ ಹಾರುತ್ತಿದ್ದುದನ್ನು ಸುತ್ತಲಿದ್ದವರೆಲ್ಲ ಕಂಡರು.

"ಬಂದಾಳ! ಗಿರಿಜಾನ ಮೈಯಾಗ ಬಂದಾಳ!" ಎಂದು ಯಾರೋ ಕೂಗಿದರು. ಅದಕ್ಕೆ ಗಂಟೆ ಬಾರಿಸುತ್ತಿದ್ದವರು ಇನ್ನೂ ಜೋರಾಗಿ ಬಾರಿಸಿದರು.

ಸರೋಜಾ ಆಂಟಿ ನನ್ನ ಹಣೆಗೆ ಅಂಗೈ ತುಂಬ ಕುಂಕುಮ ಬಳಿದು ಕೈಮುಗಿದರು. "ತಾಯಿ, ಏನ್ ಬೇಕವಾ ನಿನಗ? ನಮ್ಮಿಂದ ಏನ್ ತಪ್ಪಾಗೇದ?"

"ಗಂಟಿ ನಿಲ್ಲಸ್ರಿ" ಎಂದು ನಾನು ಹಲ್ಲು ಕಚ್ಚಿಕೊಂಡು ಹೇಳಿದೆ. ನನ್ನ ದನಿ ನನ್ನ ತಲೆಯೊಳಗೆ ಬಾವಿಯಿಂದ ಬಂದಂತೆ ಮೊಳಗಿತು. "ನಿಲ್ಲಸ್ರಿ ಅಂದ್ನೆಲ್ಲಾ!"

ಬೆಂಗಳೂರಿನ ಒಬ್ಬ ಎಂಜಿನಿಯರ್ ಸಿಕ್ಕಿದ್ದೇ ಸಂದರ್ಭವೆಂದು ಮುಂದೆ ಬಂದು "ಅಮ್ಮಾ, ಮನೆ ತಗೊಳೋಣ ಅಂತಿದೀನಿ, ತಗೊಳ್ಲಾ?" ಎಂದು ಕೇಳಿದ. ನಾನು ಮತ್ತೆ "ನಿಲ್ಲಸ್ರಿ" ಅಂದೆ. ಅವನು ಮನೆ ಕೊಳ್ಳುವುದನ್ನು ನಿಲ್ಲಿಸಿಯೇಬಿಟ್ಟ. ಮುಂದೆ ಮನೆಗಳ ಬೆಲೆ ಪಾತಾಳಕ್ಕಿಳಿದಾಗ ನನಗೆ ಫೋನ್ ಮಾಡಿ ಗದ್ಗದಿತನಾದ. ಅಂತೂ ನನ್ನ ಕಾಯಿಲೆಯಿಂದ ಒಬ್ಬನಾದರೂ ಉದ್ಧಾರವಾದ.

ಕಾರಿನಲ್ಲಿ ವಾಪಸು ಬರುವಾಗ ನನ್ನ ಸಿಟ್ಟು ಇಳಿದಿರಲಿಲ್ಲ. ಅರವಿಂದ ಮಾತ್ರ ಮೊದಲ ಸಲ ಗಂಭೀರನಾಗಿದ್ದ. "ನಿನ್ನ ಕಣ್ಣು ನಾ ನೋಡಿದೆ, ಗಿರಿಜಾ. ಗಂಟಿ ಬಡಿದಾಗೊಮ್ಮೆ ಹಾರ್ತಿತ್ತು. ಇದು ವಿಚಾರ ಮಾಡಿ ಬರೂದಲ್ಲ" ಅಂದ. ಹಿಂದಿನ ಸೀಟಿನಲ್ಲಿ ನೇಹಾ ಸುಮ್ಮನೆ ನನ್ನ ಕುಂಕುಮದ ಹಣೆಯನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು. ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ನಮ್ಮಿಬ್ಬರಲ್ಲಿ ಯಾರೂ ಕೇಳಲಿಲ್ಲ.

ಅರವಿಂದನೇ ಅಲ್ಲಿ ಇಲ್ಲಿ ವಿಚಾರಿಸಿ ಲಾಸ್ ಏಂಜಲೀಸ್‌ನ ಒಬ್ಬ ಕಿವಿಯ ಡಾಕ್ಟರನ್ನು ಹುಡುಕಿದ. ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಹೊಸ ವರ್ಷ ಬಂದಿತ್ತು. ಆ ವೇಟಿಂಗ್ ರೂಮು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ಯಾರೂ ತಲೆ ಅಲುಗಿಸುತ್ತಿರಲಿಲ್ಲ. ಎಲ್ಲರೂ ಎದುರಿನ ಒಂದೊಂದು ಬಿಂದುವನ್ನು ಕಣ್ಣಿನಲ್ಲಿ ಹಿಡಿದುಕೊಂಡು ಗೊಂಬೆಗಳಂತೆ ಕುಳಿತಿದ್ದರು. ಅರವಿಂದ ಪಾರ್ಕಿಂಗ್ ಹುಡುಕಲು ಹೋಗಿದ್ದ. ಯಾರದೋ ಫೋನು ಕೀಚಲು ದನಿಯಲ್ಲಿ ರಿಂಗಾಯಿತು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಪಕ್ಕದ ಹೆಂಗಸು ನನ್ನ ಕಡೆ ತಿರುಗದೆಯೇ ಕೇಳಿದಳು. "ಓರೆಯಾಗಿ ಮೇಲಕ್ಕೆ, ಅಲ್ಲವೇ?"

ನಾನು ಅವಳಿಗೆ ಏನೂ ಹೇಳಿರಲಿಲ್ಲ.

"ಬಾಗಿಲ ಮೇಲಿನ ಬೋರ್ಡನ್ನು ನೋಡು. ಉಸಿರನ್ನು ಅರ್ಧ ಬಿಡು. ಎರಡು ಬಡಿತಗಳ ನಡುವೆ ಒಂದು ಖಾಲಿ ಜಾಗವಿದೆ, ಅಲ್ಲಿ ಹೋಗಿ ಕುಳಿತುಕೋ" ಅಂದಳು. ಹೇಳಿದಂತೆ ಮಾಡಿದೆ. ಕೋಣೆ ನಿಧಾನವಾಗಿ ನೆಟ್ಟಗಾಯಿತು. "ಕಣ್ಣಿನ ಸದ್ದೂ ಕೇಳುತ್ತದೆಯೇ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. "ಹೆದರಬೇಡ, ನಿನಗೆ ಹುಚ್ಚು ಹಿಡಿದಿಲ್ಲ." ನಾನು ಆ ಅಪರಿಚಿತಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೇ ಒಡಿಲ್. ಎತ್ತರದ, ಒಣಗಿದ ಮೈ, ನರೆತ ಗಿಡ್ಡ ಕೂದಲು. ಅವಳ ಇಂಗ್ಲಿಷಿನಲ್ಲಿ ಫ್ರೆಂಚ್ ಇತ್ತು, ನನ್ನದರಲ್ಲಿ ಧಾರವಾಡ ಇತ್ತು, ಆದರೂ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯಿತು.

ಡಾಕ್ಟರು ಟ್ಯೂನಿಂಗ್ ಫೋರ್ಕ್ ಎಂಬ ಕಂಪಿಸುವ ಕಡ್ಡಿಯನ್ನು ಮೇಜಿಗೆ ತಟ್ಟಿ ನನ್ನ ಕಾಲಿನ ಹರಡಿಗೆ ಒತ್ತಿಹಿಡಿದರು. ಕಾಲಿಗಿಟ್ಟದ್ದು ನನ್ನ ಬಲಗಿವಿಯಲ್ಲಿ ಗುಂಯ್ ಎಂದು ಕೇಳಿಸಿತು. ಆಮೇಲೆ ಕಿವಿಗೆ ಒಂದು ಸದ್ದು ಬಿಟ್ಟು ನನ್ನ ಕಣ್ಣನ್ನು ದಿಟ್ಟಿಸಿ ನೋಡಿ, "ಅಲುಗಿತು, ನನಗೆ ಕಾಣಿಸಿತು" ಅಂದರು. ಸ್ಕ್ಯಾನ್ ಆದ ಮೇಲೆ ಕಾರಣ ತಿಳಿಯಿತು. ಒಳಗಿವಿಯ ಮೇಲಿನ ಮೂಳೆಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಅದರಿಂದಾಗಿ ಮೈಯೊಳಗಿನ ಸದ್ದು ಕಿವಿಗೆ ಸೋರುತ್ತಿತ್ತು, ಹೊರಗಿನ ಚೂಪು ಸದ್ದು ಸಮತೋಲ ಕೆಡಿಸಿ ಕಣ್ಣನ್ನು ಹಾರಿಸುತ್ತಿತ್ತು. ಆಪರೇಷನ್ ಮಾಡಿ ಮುಚ್ಚಬಹುದು, ಆದರೆ ಕಿವಿಯ ಮೇಲೆ ತಲೆಬುರುಡೆಯನ್ನು ತೆರೆಯಬೇಕು, ಆ ಕಿವಿ ಪೂರ್ತಿ ಹೋದರೂ ಹೋಗಬಹುದು.

ಅರವಿಂದ ಮನೆಗೆ ಬಂದು ಕಾರಿನ ಬೀಗದಕೈ ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ. "ತಲಿ ತೆಗಿಯೂದು ಬ್ಯಾಡ. ಹಿಂಗ ಪಿಸುಪಿಸು ಮಾತಾಡ್ಕೋತ ಇರೋಣಂತ."

"ನೇಹಾನ ಮದುವ್ಯಾಗೂ ಪಿಸುಗುಡೂದೇನು?" ಅಂದೆ. ಇಬ್ಬರೂ ನಕ್ಕೆವು, ಮೆಲ್ಲಗೆ. ನಿರ್ಧಾರವಂತೂ ಆಗಲಿಲ್ಲ.

ಆ ದಿನಗಳಲ್ಲಿ ನಾನು ರೈಲು ಹಿಡಿದು ಲಾಂಗ್ ಬೀಚ್‌ನ ಒಡಿಲ್ ಮನೆಗೆ ಹೋಗುತ್ತಿದ್ದೆ. ನಿಲ್ದಾಣಕ್ಕೆ ಅವಳೇ ಕಾರು ತರುತ್ತಿದ್ದಳು. ಅವಳ ಮನೆಯ ಕಿಟಕಿಗೆ ಬಂದರು ಕಾಣುತ್ತಿತ್ತು, ಕಂಟೇನರ್ ಎತ್ತುವ ದೊಡ್ಡ ದೊಡ್ಡ ಕ್ರೇನುಗಳು. ಅವಳದೂ ನನ್ನದೇ ಕಾಯಿಲೆ. ಕೆಲಸಗಾರರ ಸೈರನ್ ಕೂಗಿದಾಗ ಅವಳಿಗೆ ಆ ಕ್ರೇನುಗಳು ಒಟ್ಟಿಗೇ ಓರೆಯಾಗಿ ಜಿಗಿಯುವುದು ಕಾಣುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಮುಚ್ಚುತ್ತಿದ್ದರು. ಅವಳು ಸೈರನ್ ಹೊತ್ತಿಗೆ ಸರಿಯಾಗಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. "ಇದು ನನ್ನ ಟೀವಿ" ಅನ್ನುತ್ತಿದ್ದಳು. ಅದನ್ನು ನೋಡುವಾಗಿನ ಅವಳ ಮುಖ ಕಂಡು ನನಗೆ ಸ್ವಲ್ಪ ಅಂಜಿಕೆಯೂ ಆಗುತ್ತಿತ್ತು. ಅಲ್ಲಿ ಕುಳಿತೇ ಅವಳು ತನ್ನ ಆಟದ ಬದುಕನ್ನು ನನಗೆ ಹೇಳಿದ್ದು.

ಅವಳು ಫ್ರಾನ್ಸಿನ ಬೆಟ್ಟದ ಊರಿನವಳು, ಶಾಲೆಗೂ ಸ್ಕೀ ಮೇಲೆ ಹೋಗುತ್ತಿದ್ದವಳು. ಹದಿನೈದರ ಹೊತ್ತಿಗೆ ಬೆನ್ನಿಗೆ ಬಂದೂಕು ಏರಿತು. ಏದುಸಿರು ಬಿಡುತ್ತ ಗುಡ್ಡ ಹತ್ತಿ ಇಳಿದು ಬಂದು, ಎದೆ ಒಡೆದುಹೋಗುವಂತೆ ಬಡಿಯುತ್ತಿರುವಾಗಲೇ ನಿಂತು, ದೂರದ ಐದು ಕಪ್ಪು ಚುಕ್ಕೆಗಳಿಗೆ ಗುರಿ ಇಡಬೇಕು. ಹೊಡೆದದ್ದು ಬಿಳಿಯಾಗುತ್ತದೆ. ತಪ್ಪಿದರೆ ಒಂದೊಂದಕ್ಕೂ ದಂಡದ ಸುತ್ತು ಓಡಬೇಕು. ಎರಡು ಎದೆಬಡಿತಗಳ ನಡುವಿನ ಬಿಡುವಿನಲ್ಲಿ ಬಂದೂಕಿನ ಕುದುರೆ ಎಳೆ ಎಂದು ಕೋಚ್ ಹೇಳುತ್ತಿದ್ದರಂತೆ.

"ಬೇರೆ ಹುಡುಗಿಯರು ಆ ಬಿಡುವನ್ನು ಅಂದಾಜು ಮಾಡುತ್ತಿದ್ದರು. ನನಗೆ ಎಡಗಿವಿಯಲ್ಲಿ ಎದೆಬಡಿತ ಕೇಳುತ್ತಿತ್ತು. ಎಲ್ಲರಿಗೂ ಕೇಳುತ್ತದೆ ಎಂದೇ ತಿಳಿದಿದ್ದೆ. ಕೇಳುವುದಿಲ್ಲ ಅಂತ ಗೊತ್ತಾದ ದಿನ ಬಾಯಿ ಮುಚ್ಚಿಕೊಂಡೆ" ಅಂದಳು ಒಡಿಲ್. ಆ ಸದ್ದಿನ ಕೈಹಿಡಿದೇ ಅವಳು ವರ್ಷಗಟ್ಟಲೆ ಗೆದ್ದಳು. ಪತ್ರಿಕೆಗಳು ಅವಳಿಗೆ ಹೃದಯವೇ ಇಲ್ಲ ಎಂದು ಹೊಗಳಿ ಬರೆದವಂತೆ. ಅದನ್ನು ಹೇಳಿ ಅವಳು ತುಂಬ ಹೊತ್ತು ನಕ್ಕಳು.

ಕೊನೆಯ ರೇಸಿನಲ್ಲಿ ಅವಳೇ ಮುಂದಿದ್ದಳು. ನಾಲ್ಕು ಚುಕ್ಕೆ ಬಿಳಿಯಾಗಿದ್ದವು, ಉಳಿದದ್ದು ಒಂದು. ಆ ಕಡೆಯ ಜನ ರೇಸು ನೋಡಲು ಬರುವಾಗ ದನದ ಕೊರಳಿನ ದೊಡ್ಡ ಗಂಟೆಗಳನ್ನು ತಂದು ಬಾರಿಸುತ್ತಾರೆ. ಬೇಲಿಯ ಹತ್ತಿರ ಯಾರೋ ಒಬ್ಬರು ಗಂಟೆ ಬಾರಿಸಿದರು. ಕಪ್ಪು ಚುಕ್ಕೆ ಓರೆಯಾಗಿ ಮೇಲಕ್ಕೆ ಹಾರಿತು. ಗುಂಡು ತಪ್ಪಿತು, ದಂಡದ ಸುತ್ತು ಓಡುವಾಗ ಅವಳು ಬಿದ್ದಳು, ಚಿನ್ನ ಹೋಯಿತು. ಗುರಿ ಅಲುಗಿತು ಎಂದು ಅವಳು ಕೋಚ್‌ಗೆ ಹೇಳಿದಳು. ಕೋಚ್ ಅವಳ ಭುಜ ತಟ್ಟಿ ಬಹಳ ಮೃದುವಾಗಿ ಮಾತಾಡಿದರು. ಧೈರ್ಯಗೆಟ್ಟಳು ಎಂದು ಪೇಪರುಗಳು ಬರೆದವು. ಆ ವರ್ಷವೇ ಅವಳು ಬಂದೂಕು ಕೆಳಗಿಟ್ಟು, ಹಿಮವೇ ಬೀಳದ ಊರು ಹುಡುಕಿಕೊಂಡು ಇಲ್ಲಿಗೆ ಬಂದಳು.

ಕಪಾಟಿನಿಂದ ಅವಳು ಒಂದು ಹಿತ್ತಾಳೆ ಗಂಟೆ ತೆಗೆದು ತೋರಿಸಿದಳು. ಅದೇ ಗಂಟೆ. ಬಾರಿಸಿದವರು ಅವಳ ಅಭಿಮಾನಿಯಂತೆ, ಆಮೇಲೆ ಸಮಾಧಾನಕ್ಕೆಂದು ಉಡುಗೊರೆ ಕೊಟ್ಟರಂತೆ. ಗಂಟೆಯ ನಾಲಗೆಗೆ ಉಣ್ಣೆಯ ಕಾಲುಚೀಲ ಸುತ್ತಿಟ್ಟಿದ್ದಳು. ಒಮ್ಮೆಯೂ ಬಾರಿಸಿ ನೋಡಿಲ್ಲ ಅಂದಳು.

"ಯಾಕೆ? ಡಾಕ್ಟರು ನಿನ್ನ ಕಣ್ಣು ಅಲುಗಿದ್ದನ್ನು ನೋಡಿದ್ದಾರಲ್ಲ?"

"ಅವರದು ಯಂತ್ರದ ಸದ್ದು. ಈ ಗಂಟೆ ಬಾರಿಸಿದಾಗ ಏನೂ ಅಲುಗದಿದ್ದರೆ? ಆಗ ಪೇಪರಿನವರು ಬರೆದದ್ದೇ ನಿಜವಾಗುತ್ತದೆ. ತೂತು ಮುಚ್ಚಿಸಿದರೂ ಅಷ್ಟೇ, ನನ್ನ ಹತ್ತಿರ ಸಾಕ್ಷಿಯೇ ಉಳಿಯುವುದಿಲ್ಲ" ಅಂದಳು. ಅದಕ್ಕೇ ಅವಳು ಆಪರೇಷನ್ ಮುಂದೂಡುತ್ತಲೇ ಬಂದಿದ್ದಳು. ಗಂಟೆಯನ್ನು ಕಪಾಟಿಗಿಟ್ಟು ನನ್ನನ್ನು ಕೇಳಿದಳು. "ನಿನಗೆ ಇದರಿಂದ ಉಳಿಸಿಕೊಳ್ಳುವುದು ಏನಿದೆ?"

ಏನೂ ಇರಲಿಲ್ಲ. ನನ್ನ ಮಗಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಅಷ್ಟೇ ಇದ್ದದ್ದು. ರೈಲಿನಲ್ಲಿ ವಾಪಸು ಬರುವಾಗ ಆಪರೇಷನ್ ಮಾಡಿಸಿಕೊಳ್ಳುವುದೆಂದು ತೀರ್ಮಾನಿಸಿದೆ.

ಆ ಬೆಳಿಗ್ಗೆ ಆಸ್ಪತ್ರೆಗೆ ಒಡಿಲ್ ಕೂಡ ಬಂದಿದ್ದಳು. ಅರವಿಂದನ ಕೈ ನನ್ನ ಕೈಗಿಂತ ತಣ್ಣಗಿತ್ತು. ನರ್ಸೊಬ್ಬಳು ನನ್ನ ತಾಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ತನ್ನ ಕೈಯಾರೆ ಅವನ ಅಂಗೈಯಲ್ಲಿಟ್ಟಳು. ಆ ಹೆಣ್ಣುಮಗಳಿಗೆ ಯಾರು ಹೇಳಿಕೊಟ್ಟಿದ್ದರೋ, ಅವಳ ಹೊಟ್ಟೆ ತಣ್ಣಗಿರಲಿ. ಒಳಗೆ ದೀಪದ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ಕ್ರೂ ಕಂಡಿತು. ಕಣ್ಣಿನಲ್ಲಿ ಅದನ್ನೇ ಹಿಡಿದುಕೊಂಡೆ. ಅರ್ಧ ಉಸಿರು ಬಿಟ್ಟೆ. ಎದೆ ಒಮ್ಮೆ ಬಡಿಯಿತು, ಬಿಡುವು ಬಂತು, ಆ ಬಿಡುವಿನಲ್ಲೇ ನಿದ್ದೆ ಹೋದೆ.

ಎಚ್ಚರವಾದಾಗ ಯಾರೂ ಇರಲಿಲ್ಲ. ಕೋಣೆಯಲ್ಲಿ ನರ್ಸುಗಳಿದ್ದರು, ನಾನು ಹೇಳುತ್ತಿರುವುದು ನನ್ನೊಳಗೆ. ಕಣ್ಣು ಎಡಕ್ಕೆ ಹೊರಳಿಸಿದೆ, ಸದ್ದಿಲ್ಲ. ಬಲಕ್ಕೆ, ಸದ್ದಿಲ್ಲ. ಜೊತೆಗಿದ್ದವಳೊಬ್ಬಳು ಹೇಳದೆ ಕೇಳದೆ ಮನೆ ಖಾಲಿ ಮಾಡಿಕೊಂಡು ಹೋದಂತಿತ್ತು. ಖುಷಿಯಾಗಬೇಕಿತ್ತು, ಆದರೆ ಒಂಟಿ ಅನ್ನಿಸಿತು. ಬಲಗಿವಿ ಸ್ವಲ್ಪ ಮಂದವಾಗಿದೆ, ಅದು ಇವತ್ತಿಗೂ ಹಾಗೇ ಇದೆ.

ಸರೋಜಾ ಆಂಟಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನೋಡಲು ಬಂದರು. ಬೋಳಿಸಿದ ತಲೆಯ ಮೇಲಿನ ಹೊಲಿಗೆ ನೋಡಿ ಕೆನ್ನೆ ಬಡಿದುಕೊಂಡರು. ಡಾಕ್ಟರು ಹೇಳಿದ್ದನ್ನೆಲ್ಲ ನಾನು ಬಿಡಿಸಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, "ಹೌದವಾ, ಇರಬಹುದು. ಆದ್ರ ತಾಯಿ ಒಳಗ ಶಾಂತ ಆಗಿ ಮಲಗ್ಯಾಳ. ಇನ್ನ ಅಕಿನ್ನ ಎಬ್ಬಸಬ್ಯಾಡ್ರಿ" ಎಂದು ನನ್ನ ಉಡಿ ತುಂಬಿ ಹೋದರು. ನಾನು ಮನಸ್ಸಿನಲ್ಲೇ ನಕ್ಕೆ. ನೇಹಾ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

ಕುಕ್ಕರ್ ಕೂಗಿತು, ಗೋಡೆ ನಿಂತಲ್ಲೇ ನಿಂತಿತು. ನಾನು ಆಫೀಸಿಗೆ ಹೋದೆ, ಸ್ಪಂಜಿನ ಕೋಣೆಯಲ್ಲಿ ನೆಮ್ಮದಿಯಾಗಿ ಕುಳಿತು ಬಂದೆ. ಎಲ್ಲ ಸರಿಯಾಯಿತು, ಒಂದನ್ನು ಬಿಟ್ಟು. ನೇಹಾ ಪಿಸುಗುಡುವುದನ್ನು ನಿಲ್ಲಿಸಲಿಲ್ಲ. ಅಮ್ಮನಿಗೆ ವಾಸಿಯಾಗಿದೆ, ಜೋರಾಗಿ ಮಾತಾಡು ಅಂದರೆ ತಲೆಯಾಡಿಸಿ, ಪಿಸುದನಿಯಲ್ಲೇ "ಓಕೆ" ಅನ್ನುವಳು. ಕ್ಲಾಸಿನಲ್ಲೂ ಅವಳ ದನಿ ಕೇಳಿದವರಿಲ್ಲ ಎಂದು ಟೀಚರ್ ಕರೆಸಿ ಹೇಳಿದರು. ತಲೆ ತೆರೆಸಿಕೊಂಡು ನಾನು ಪಡೆದದ್ದೇನು ಎಂದು ಒಂದು ದಿನ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುವರ್ಷ ಗುಡ್ಡಗಳಿಗೆ ಮತ್ತೆ ಬೆಂಕಿ ಬಿತ್ತು. ಅದೇ ಕಿತ್ತಳೆ ಆಕಾಶ, ಅದೇ ಬೂದಿ, ಅದೇ ಮುಚ್ಚಿದ ಕಿಟಕಿ. ಸೋಫಾದ ಮೇಲೆ ನೇಹಾಳನ್ನು ಒರಗಿಸಿಕೊಂಡು ಕುಳಿತಿದ್ದೆ. ನನಗರಿವಿಲ್ಲದೆ ಉಪ್ಪುಕಾಗದದ ಸದ್ದಿಗೆ ಕಾಯುತ್ತಿದ್ದೆ ಅನಿಸುತ್ತದೆ. ನೇಹಾ ತನ್ನ ಕಿವಿಯನ್ನು ಮೆಲ್ಲಗೆ ನನ್ನ ಬಲಗಿವಿಗೆ ಆನಿಸಿ ಉಸಿರು ಹಿಡಿದು ಕೇಳಿಸಿಕೊಂಡಳು.

"ಶೀ ಈಸ್ ಸ್ಟಿಲ್ ಸ್ಲೀಪಿಂಗ್" ಎಂದು ಪಿಸುಗುಟ್ಟಿದಳು.

"ಯಾರು?"

"ದ ಆಂಟಿ. ನಿನ್ನ ಕಿವಿ ಆಂಟಿ. ಡೋಂಟ್ ವೇಕ್ ಹರ್ ಅಪ್, ಅಮ್ಮಾ."

ಆಗ ನನಗೆ ಎಲ್ಲ ಹೊಳೆಯಿತು. ಲಟ್ಟಣಿಗೆ ಹಿಡಿದು 'ಯಾರರೆ ಹೆಂಗಸು?' ಎಂದು ಕೇಳಿದ ತಾಯಿ, 'ಮೈಯಾಗ ಬಂದಾಳ' ಎಂದು ಕೂಗಿದ ಜನ, 'ಎಬ್ಬಸಬ್ಯಾಡ್ರಿ' ಅಂದ ಆಂಟಿ. ಮಗು ಎಲ್ಲವನ್ನೂ ಕೂಡಿಸಿಕೊಂಡು ನನ್ನ ತಲೆಯೊಳಗೆ ಒಬ್ಬ ಸಿಟ್ಟಿನ ಹೆಂಗಸನ್ನು ಕೂರಿಸಿತ್ತು. ಸದ್ದಾದರೆ ಅವಳು ಎದ್ದು ಅಮ್ಮನನ್ನು ಕೆಡವುತ್ತಾಳೆಂದು ಇಷ್ಟು ವರ್ಷ ಒಬ್ಬಳೇ ಕಾವಲು ಕಾದಿತ್ತು. ಯಾರೂ ಇಲ್ಲವ್ವ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಮಲಗಿದವಳು ಇಲ್ಲವೆಂದು ಮಾತಿನಲ್ಲಿ ತೋರಿಸುವುದು ಹೇಗೆ?

ಒಡಿಲ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು "ಬರುತ್ತೇನೆ" ಅಂದಳು.

ಹೊಗೆ ತಿಳಿಯಾದ ಮೇಲಿನ ಭಾನುವಾರ ಬಂದಳು. ನಾವೆಲ್ಲ ಬೀಚಿಗೆ ಹೋದೆವು. ಇನ್ನೂ ಮಬ್ಬು, ಜನರಿಲ್ಲ, ಅಲೆಯ ಅಂಚಿನಲ್ಲಿ ಬೂದಿಯ ಕಪ್ಪು ಗೆರೆ. ದೂರದಲ್ಲಿ ಒಂದು ಹಡಗು ನಿಂತಿತ್ತು. ಒಡಿಲ್ ಚೀಲದಿಂದ ಗಂಟೆ ತೆಗೆದಳು. ಉಣ್ಣೆಯ ಕಾಲುಚೀಲವನ್ನು ಬಿಚ್ಚಿ, ಮಡಚಿ ಜೇಬಿಗಿಟ್ಟಳು. ನೇಹಾಗೆ ಕೊಡಹೋದರೆ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡು "ನೋ, ಅಮ್ಮ ಬೀಳ್ತಾಳೆ" ಎಂದು ಪಿಸುಗುಟ್ಟಿ ಅರವಿಂದನ ಹಿಂದೆ ಅಡಗಿದಳು.

ಗಂಟೆಯನ್ನು ನಾನೇ ತೆಗೆದುಕೊಂಡೆ. ಕಾಲು ಅಗಲಿಸಿ ನಿಂತೆ, ಹಡಗಿನ ಮೇಲೆ ಕಣ್ಣಿಟ್ಟೆ, ಅರ್ಧ ಉಸಿರು ಬಿಟ್ಟು ಬಾರಿಸಿದೆ. ಎಂಥ ಸದ್ದು ಅದು! ದಡದ ಹಕ್ಕಿಗಳೆಲ್ಲ ಎದ್ದವು. ಹಡಗು ಕದಲಲಿಲ್ಲ. ತಿರುಗಿ ಒಡಿಲ್‌ಳನ್ನು ನೋಡುತ್ತಲೇ ಮತ್ತೊಮ್ಮೆ ಬಾರಿಸಿದೆ. ಅವಳ ಕಣ್ಣೆರಡೂ ಓರೆಯಾಗಿ ಮೇಲಕ್ಕೆ ಹಾರಿದವು, ನಿಂತಲ್ಲೇ ತೂಗಿ ಮರಳಿನ ಮೇಲೆ ಕುಸಿದಳು.

"ಅಲುಗಿತು, ಒಡಿಲ್! ನಿನ್ನ ಕಣ್ಣು ಅಲುಗಿತು, ನಾನು ನೋಡಿದೆ!" ಎಂದು ಕೂಗಿದೆ.

"ಹಡಗು ಓಡಿಹೋಯಿತು" ಎಂದು ಅವಳು ಅಳುತ್ತ ನಗುತ್ತ ಹೇಳಿದಳು. "ನಾನು ಹೆದರಿರಲಿಲ್ಲ. ಅವತ್ತು ನಾನು ಹೆದರಿರಲಿಲ್ಲ." ಮುಂದಿನ ವಸಂತದಲ್ಲಿ ಅವಳೂ ಆಪರೇಷನ್ ಮಾಡಿಸಿಕೊಂಡಳು, ಈಗ ಬಂದರಿನ ಕ್ರೇನುಗಳು ನಿಂತಲ್ಲೇ ಇವೆಯಂತೆ.

ನೇಹಾ ಅಪ್ಪನ ಹಿಂದಿನಿಂದ ಹೊರಗೆ ಬಂದಿದ್ದಳು. ನನ್ನ ಕಾಲುಗಳನ್ನೂ ಮುಖವನ್ನೂ ನೋಡಿದಳು. ಹತ್ತಿರ ಬಂದು, ನನ್ನನ್ನು ಬಗ್ಗಿಸಿ, ಬಲಗಿವಿಗೆ ಕಿವಿಯಿಟ್ಟು ತುಂಬ ಹೊತ್ತು ಆಲಿಸಿದಳು. ಆಮೇಲೆ ನೀರಿನ ಅಂಚಿನವರೆಗೆ ಹಿಂದೆ ಹಿಂದೆ ನಡೆದು ಹೋಗಿ, ಮುಷ್ಟಿ ಬಿಗಿದು, ಕಣ್ಣು ಮುಚ್ಚಿ "ಅಮ್ಮಾ!" ಎಂದು ಕಿರುಚಿದಳು. ದನಿ ಅರ್ಧದಲ್ಲೇ ಒಡೆಯಿತು. ಬಳಸದೆ ಇಟ್ಟ ಗಂಟಲು ಅದು. ಕಣ್ಣು ತೆರೆಯಲು ಅವಳಿಗೆ ಧೈರ್ಯ ಬರಲಿಲ್ಲ.

"ಅಮ್ಮಾ, ಬಿದ್ಯಾ?"

"ಇಲ್ಲವ್ವ, ನಿಂತೀನಿ. ಇನ್ನೊಮ್ಮೆ ಕೂಗು" ಅಂದೆ.